ಓಟು ನಮ್ಮದು, ಬೆಲೆ ಪಕ್ಕದ ಮನೆಯವರದು

1928ರ ಮೇ ತಿಂಗಳಲ್ಲಿ ಜರ್ಮನಿಯ ಸಂಸತ್ತಿಗೆ ಚುನಾವಣೆ ನಡೆದಾಗ ಹಿಟ್ಲರನ ನಾಜಿ ಪಕ್ಷಕ್ಕೆ ಬಿದ್ದ ಓಟು ಸುಮಾರು 8 ಲಕ್ಷ. ನೂರಕ್ಕೆ ಮೂರೂ ಇಲ್ಲ. ಪತ್ರಿಕೆಗಳು ಅದನ್ನು ಮುಗಿದ ಕಥೆ ಎಂದು ಬದಿಗಿಟ್ಟವು. 1932ರ ಜುಲೈ ಕೊನೆಯಲ್ಲಿ ಅದೇ ಪಕ್ಷಕ್ಕೆ ಬಿದ್ದದ್ದು 1 ಕೋಟಿ 37 ಲಕ್ಷ ಓಟು. ನೂರಕ್ಕೆ ಮೂವತ್ತೇಳು. ನಡುವೆ ಕಳೆದದ್ದು ನಾಲ್ಕೇ ವರ್ಷ.

ಆ 1 ಕೋಟಿ 37 ಲಕ್ಷ ಜನರ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕು. ಹಿಟ್ಲರನ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಅವನಿಗೆ ಓಟು ಹಾಕಿದವರ ಬಗ್ಗೆ ಯೋಚಿಸಿದ್ದು ಕಡಿಮೆ. ಅವನನ್ನು ರಾಕ್ಷಸನೆಂದು ಕರೆದು ಪುಸ್ತಕ ಮುಚ್ಚಿಬಿಡಬಹುದು. ಆದರೆ ಅವನ ಹೆಸರಿನ ಮುಂದೆ ಗುರುತು ಹಾಕಿದವರು ರಾಕ್ಷಸರಾಗಿರಲಿಲ್ಲ. ಶಾಲೆಯ ಮೇಷ್ಟ್ರು, ದಿನಸಿ ಅಂಗಡಿಯವರು, ಹಸು ಸಾಕಿದ ರೈತರು, ಪಿಂಚಣಿಯಲ್ಲಿ ದಿನ ದೂಡುತ್ತಿದ್ದ ವಿಧವೆಯರು, ಬಡಗಿಗಳು, ಗುಮಾಸ್ತರು, ಆಗತಾನೆ ಓದು ಮುಗಿಸಿದ ಹುಡುಗರು. ಭಾನುವಾರ ಚರ್ಚಿಗೆ ಹೋಗುವವರು, ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವರು. ನಮ್ಮಂಥವರು. ಅದಕ್ಕೇ ಈ ಮಾತು.

ಅವರ ಕಷ್ಟ ನಿಜವಾದ ಕಷ್ಟವಾಗಿತ್ತು. ಮೊದಲು ಅದನ್ನು ಒಪ್ಪಿಕೊಳ್ಳೋಣ. ಒಪ್ಪಿಕೊಳ್ಳದೆ ಅವರಿಗೆ ಬುದ್ಧಿ ಹೇಳಲು ಹೊರಟರೆ, ಅಂದಿನ ಜರ್ಮನಿಯ ದೊಡ್ಡವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.

1914ರಲ್ಲಿ ಒಂದು ಡಾಲರಿಗೆ ನಾಲ್ಕು ಚಿಲ್ಲರೆ ಮಾರ್ಕು. 1923ರ ನವೆಂಬರಿನಲ್ಲಿ ಅದೇ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು. ಮಹಾಯುದ್ಧದ ಖರ್ಚಿಗೆ ಮಾಡಿದ ಸಾಲ, ಸೋತ ಮೇಲೆ ತಲೆಯ ಮೇಲೆ ಬಿದ್ದ ಪರಿಹಾರದ ಹೊರೆ, ರೂರ್ ಪ್ರದೇಶಕ್ಕೆ ಫ್ರಾನ್ಸಿನ ಸೈನ್ಯ ನುಗ್ಗಿದಾಗ ಮುಷ್ಕರ ಹೂಡಿದ ಕಾರ್ಮಿಕರನ್ನು ಸಾಕಲು ಸರ್ಕಾರ ಹಗಲು ರಾತ್ರಿ ಅಚ್ಚು ಹಾಕಿದ ನೋಟು, ಎಲ್ಲ ಸೇರಿ ದುಡ್ಡನ್ನು ಕಾಗದ ಮಾಡಿಬಿಟ್ಟವು. ಮೂವತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣದಲ್ಲಿ ಒಂದು ಬ್ರೆಡ್ಡೂ ಬರಲಿಲ್ಲ. ದೇಶಭಕ್ತಿಯಿಂದ ಯುದ್ಧದ ಸಾಲಪತ್ರ ಕೊಂಡವನ ಕೈಯಲ್ಲಿ ರದ್ದಿ ಉಳಿಯಿತು. ಸಾಲ ಮಾಡಿದವನು ಬಚಾವಾದ, ಕೂಡಿಟ್ಟವನು ಮುಳುಗಿದ. ಹೊಸ ನಾಣ್ಯ ಬಂದು ವ್ಯವಹಾರ ಸರಿಹೋಯಿತು. ಮನಸ್ಸು ಸರಿಹೋಗಲಿಲ್ಲ. ನೀತಿಯಿಂದ ಬದುಕಿದವನಿಗೇ ಇಲ್ಲಿ ಶಿಕ್ಷೆ ಎಂಬ ಮಾತು ಲಕ್ಷಾಂತರ ಮನೆಗಳ ಒಳಗೆ ಕೂತುಬಿಟ್ಟಿತು.

ಉತ್ತರದ ಷ್ಲೆಸ್ವಿಗ್–ಹೋಲ್‌ಸ್ಟೈನ್ ಪ್ರಾಂತ್ಯಕ್ಕೆ ಬನ್ನಿ. ಹಸು, ಹಂದಿ ಸಾಕುವ ರೈತರ ನಾಡು. 1919ರ ಮೊದಲ ಚುನಾವಣೆಯಲ್ಲಿ ಇಲ್ಲಿನ ಜನ ಯುದ್ಧದ ನಂತರದ ಹೊಸ ಗಣರಾಜ್ಯದ ಪರ ನಿಂತ ಪಕ್ಷಗಳಿಗೇ ಬಹುಮತ ಕೊಟ್ಟಿದ್ದರು. ಇಪ್ಪತ್ತರ ದಶಕದ ಕೊನೆಗೆ ಬೆಳೆದದ್ದಕ್ಕೆ ಬೆಲೆ ಇಲ್ಲ, ಬಡ್ಡಿ ಏರಿತು, ತೆರಿಗೆ ಬಾಕಿಗೆ ಕೊಟ್ಟಿಗೆಯ ದನವನ್ನು ಜಪ್ತಿ ಮಾಡಲು ಅಮೀನರು ಬಂದರು. 1928ರ ಜನವರಿಯಲ್ಲಿ 1 ಲಕ್ಷಕ್ಕೂ ಹೆಚ್ಚು ರೈತರು ಬೀದಿಗೆ ಇಳಿದರು. ಬರ್ಲಿನ್ನಿನಿಂದ ಬಂದದ್ದು ಸಮಾಧಾನದ ಮಾತು, ಆಮೇಲೆ ಪೊಲೀಸರು. ಆ ವರ್ಷ ಅಲ್ಲಿ ನಾಜಿಗಳಿಗೆ ನೂರಕ್ಕೆ ನಾಲ್ಕು ಓಟು. 1932ರ ಜುಲೈನಲ್ಲಿ ನೂರಕ್ಕೆ 51. ಗಣರಾಜ್ಯವನ್ನು ಕೈಹಿಡಿದು ಬರಮಾಡಿಕೊಂಡ ಊರುಗಳೇ ಅದನ್ನು ಹೊರಗೆ ದಬ್ಬಿದವು.

ಪಟ್ಟಣಗಳಲ್ಲಿ ನಡೆದದ್ದು ಇನ್ನೊಂದು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು, ಜರ್ಮನಿಗೆ ಕೊಟ್ಟ ಸಾಲವನ್ನು ಅಲ್ಲಿನವರು ವಾಪಸು ಕೇಳಿದರು. 1931ರ ಜುಲೈನಲ್ಲಿ ದೊಡ್ಡ ಬ್ಯಾಂಕೊಂದು ಬಾಗಿಲು ಹಾಕಿತು. 1932ರ ಆರಂಭಕ್ಕೆ ಸರ್ಕಾರದ ಲೆಕ್ಕದಲ್ಲೇ ಕೆಲಸವಿಲ್ಲದವರು 60 ಲಕ್ಷಕ್ಕೂ ಮಿಕ್ಕಿ. ಆಗ ಪ್ರಜಾಪ್ರಭುತ್ವದ ಪಕ್ಷಗಳು ಏನು ಮಾಡುತ್ತಿದ್ದವು? ಬಹುಮತವಿದ್ದ ಕೊನೆಯ ಸರ್ಕಾರ 1930ರ ಮಾರ್ಚ್‌ನಲ್ಲಿ ಬಿದ್ದದ್ದು ನಿರುದ್ಯೋಗ ವಿಮೆಯ ವಂತಿಗೆಯನ್ನು ಒಂದಿಷ್ಟು ಏರಿಸಬೇಕೋ ಬೇಡವೋ ಎಂಬ ಜಗಳದಲ್ಲಿ. ಆಮೇಲೆ ಬಂದ ಚಾನ್ಸಲರ್ ಹೈನ್‌ರಿಖ್ ಬ್ರೂನಿಂಗ್ ಸಂಬಳ ಕಡಿದ, ನಿರುದ್ಯೋಗ ಭತ್ಯೆ ಕಡಿದ, ತೆರಿಗೆ ಏರಿಸಿದ. ಜನ ಅವನಿಗೆ ಹಸಿವಿನ ಚಾನ್ಸಲರ್ ಎಂದು ಹೆಸರಿಟ್ಟರು. ಸಂಸತ್ತು ಒಪ್ಪದಿದ್ದಾಗ ಸಂವಿಧಾನದ 48ನೇ ವಿಧಿ ಹಿಡಿದು, ಅಧ್ಯಕ್ಷ ಹಿಂಡೆನ್‌ಬರ್ಗ್‌ನ ಸಹಿಯಲ್ಲಿ ಸುಗ್ರೀವಾಜ್ಞೆ ಹೊರಡಿಸುವುದು ರೂಢಿಯಾಯಿತು. 1932ರಲ್ಲಿ ಸಂಸತ್ತು ಮಾಡಿದ ಕಾನೂನು 5. ಸುಗ್ರೀವಾಜ್ಞೆಗಳು ಸುಮಾರು 60. ಹಿಟ್ಲರ್ ಬರುವ ಮೊದಲೇ ಸಂಸತ್ತಿನ ಬಾಗಿಲಿಗೆ ಜೇಡ ಬಲೆ ಕಟ್ಟಿತ್ತು. ತನ್ನ ಓಟಿನಿಂದ ಏನೂ ಆಗುವುದಿಲ್ಲವೆಂದು ಮತದಾರನಿಗೆ ಕಲಿಸಿದವರು ನಾಜಿಗಳಲ್ಲ, ಆ ಪಾಠವನ್ನು ಸಭ್ಯರೇ ಮಾಡಿದ್ದರು.

ಈ ಖಾಲಿ ಜಾಗಕ್ಕೆ ನಾಜಿ ಪಕ್ಷ ಬಂದು ಕೂತಿತು. ಹೇಗೆ ಕೂತಿತೆಂಬುದನ್ನು ತಿಳಿಯಬೇಕಾದರೆ ನಾರ್ಥೈಮ್ ಎಂಬ ಸುಮಾರು ಹತ್ತು ಸಾವಿರ ಜನರ ಊರನ್ನು ನೋಡಬೇಕು. ಇತಿಹಾಸಕಾರ ವಿಲಿಯಂ ಷೆರಿಡನ್ ಅಲೆನ್ ಆ ಊರಿನ ಕಡತ, ಪತ್ರಿಕೆ, ಜನರ ನೆನಪು ಎಲ್ಲವನ್ನೂ ಜಾಲಾಡಿ 1965ರಲ್ಲಿ ಪುಸ್ತಕ ಬರೆದರು. ಅಲ್ಲಿ ಕೆಲಸ ಕಳೆದುಕೊಂಡವರು ಹೆಚ್ಚಾಗಿ ಕಾರ್ಮಿಕರು. ಅಂಗಡಿಯವರಿಗೂ ನೌಕರರಿಗೂ ತಟ್ಟಿದ್ದು ಪೆಟ್ಟಿಗಿಂತ ಪೆಟ್ಟಿನ ಭಯ. ನಾಳೆ ನಾವೂ ಆ ಸಾಲಿನಲ್ಲಿ ನಿಲ್ಲಬೇಕಾದೀತು ಎಂಬ ಭಯ. ನಾಜಿಗಳು ಆ ಭಯದ ಮನೆಬಾಗಿಲಿಗೆ ಹೋದರು. ಬೇರೆ ಪಕ್ಷದವರು ಚುನಾವಣೆಗೆ ಮಾತ್ರ ಕಂಡರೆ ಇವರು ವರ್ಷವಿಡೀ ಸಭೆ ಮಾಡಿದರು. ರೈತರ ಮುಂದೆ ರೈತನ ಮಾತು, ವ್ಯಾಪಾರಿಗಳ ಮುಂದೆ ವ್ಯಾಪಾರದ ಮಾತು, ಧರ್ಮಭೀರುಗಳ ಮುಂದೆ ದೇವರ ಮಾತು. ವಾದ್ಯ, ಮೆರವಣಿಗೆ, ನಾಟಕ. ಒಂಟಿಯಾದವನಿಗೆ ಜೊತೆ ಸಿಕ್ಕಿತು, ಕೆಲಸವಿಲ್ಲದ ಹುಡುಗನಿಗೆ ಸಮವಸ್ತ್ರ ಸಿಕ್ಕಿತು.

1934ರಲ್ಲಿ ಥಿಯೋಡೋರ್ ಏಬೆಲ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದಿಂದ ಬಂದು ಒಂದು ಸ್ಪರ್ಧೆ ಇಟ್ಟರು. ನಾಜಿ ಪಕ್ಷಕ್ಕೆ ನಾನೇಕೆ ಸೇರಿದೆ ಎಂದು ತಮ್ಮ ಬದುಕಿನ ಕಥೆ ಬರೆದವರಿಗೆ ಬಹುಮಾನ. ಆರುನೂರಕ್ಕೂ ಹೆಚ್ಚು ಜನ ಬರೆದು ಕಳಿಸಿದರು. ಯಹೂದಿಗಳ ಮೇಲಿನ ಹಗೆಯೇ ಎಲ್ಲರಿಗೂ ಮೊದಲ ಕಾರಣವಾಗಿರಲಿಲ್ಲ. ಜಾತಿ–ವರ್ಗದ ಭೇದವಿಲ್ಲದ ಒಂದೇ ಜನ ಎಂಬ ಕನಸು, ಗಟ್ಟಿ ನಾಯಕನ ಹಂಬಲ, ಸೋತ ದೇಶದ ಅವಮಾನ, ಸಭೆಯೊಂದರಲ್ಲಿ ಮೈ ಜುಮ್ಮೆಂದ ಗಳಿಗೆ. ಓದುತ್ತಾ ಹೋದರೆ ಅವರ ಮೇಲೆ ಕನಿಕರ ಬರುತ್ತದೆ.

ಇಲ್ಲಿಯೇ ನಾವು ಎಚ್ಚರವಾಗಬೇಕು. ಕನಿಕರಕ್ಕೂ ಕ್ಷಮೆಗೂ ನಡುವೆ ಒಂದು ಗೆರೆಯಿದೆ.

ಹಗೆ ಅವರಿಗೆ ಮೊದಲ ಕಾರಣವಾಗಿರದಿದ್ದೀತು. ಅದು ಗೊತ್ತೇ ಇರಲಿಲ್ಲವೆನ್ನುವ ಹಾಗಿಲ್ಲ. ಯಹೂದಿಗಳು ಪ್ರಜೆಗಳಲ್ಲ ಎಂದು ಆ ಪಕ್ಷ 1920ರಲ್ಲೇ ತನ್ನ ಕಾರ್ಯಕ್ರಮದಲ್ಲಿ ಅಚ್ಚು ಹಾಕಿಸಿತ್ತು. ಅದರ ಕಂದು ಅಂಗಿಯ ಪಡೆ ಬೀದಿಯಲ್ಲಿ ಜನರನ್ನು ಬಡಿಯುವುದನ್ನು ಊರೆಲ್ಲ ಕಂಡಿತ್ತು. 1932ರ ಆಗಸ್ಟಿನ ಒಂದು ರಾತ್ರಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ಆ ಪಡೆಯವರು ಒಬ್ಬ ಕಮ್ಯುನಿಸ್ಟ್ ಕೂಲಿಕಾರನ ಮನೆಗೆ ನುಗ್ಗಿ, ಹೆತ್ತ ತಾಯಿಯ ಕಣ್ಣೆದುರೇ ಅವನನ್ನು ತುಳಿದು ಕೊಂದರು. ನ್ಯಾಯಾಲಯ ಐವರಿಗೆ ಮರಣದಂಡನೆ ಕೊಟ್ಟಾಗ ಹಿಟ್ಲರ್ ಆ ಕೊಲೆಗಾರರಿಗೆ ತಂತಿ ಕಳಿಸಿ, ನಾನು ನಿಮ್ಮೊಂದಿಗಿದ್ದೇನೆ ಎಂದು ಬಹಿರಂಗವಾಗಿ ಸಾರಿದ. ಪತ್ರಿಕೆಗಳಲ್ಲಿ ಎಲ್ಲರೂ ಓದಿದರು. ಮೂರು ತಿಂಗಳಾಗುವ ಮೊದಲೇ ಮತ್ತೆ ಚುನಾವಣೆ ಬಂತು. ಓಟು ಸುಮಾರು 20 ಲಕ್ಷ ಇಳಿಯಿತು, ನಿಜ. ಉಳಿದ 1 ಕೋಟಿ 17 ಲಕ್ಷ ಜನ ಆ ತಂತಿಯ ಸುದ್ದಿ ಓದಿಯೂ ಅದೇ ಹೆಸರಿಗೆ ಗುರುತು ಹಾಕಿದರು.

ಅವರು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದರು. ನನಗೆ ಕೆಲಸ ಬರುತ್ತದೆ, ನನ್ನ ಹೊಲ ಉಳಿಯುತ್ತದೆ, ದೇಶದ ಮಾನ ಉಳಿಯುತ್ತದೆ. ಅದಕ್ಕೆ ಬೆಲೆ ತೆರುವವರು? ಯಾರೋ ಯಹೂದಿ, ಯಾರೋ ಕಮ್ಯುನಿಸ್ಟ್. ನಾನಲ್ಲ. ಆರೂವರೆ ಕೋಟಿ ಜನರಲ್ಲಿ ಯಹೂದಿಗಳು ಸುಮಾರು 5 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಅಷ್ಟು ಸಣ್ಣ ಬೆಲೆ, ಅದೂ ಬೇರೆಯವರ ಜೇಬಿನಿಂದ. ಜರ್ಮನಿಯ ಪಾಪ ಶುರುವಾದದ್ದು ಈ ಲೆಕ್ಕದಲ್ಲಿ. ಅನಿಲದ ಕೋಣೆ ಆಮೇಲಿನ ಮಾತು.

ಹಸಿದವನಿಗೆ ಬೇರೆ ದಾರಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜರ್ಮನ್ ವಿದ್ವಾಂಸ ಯುರ್ಗೆನ್ ಫಾಲ್ಟರ್ ಊರೂರಿನ ಮತದಾನದ ಲೆಕ್ಕವನ್ನು ಜನಗಣತಿಯ ಜೊತೆ ಇಟ್ಟು ನೋಡಿ ಕಂಡುಕೊಂಡದ್ದು ಬೇರೆಯೇ. ಎಲ್ಲರಿಗಿಂತ ಹೆಚ್ಚು ಹಸಿದಿದ್ದ ನಿರುದ್ಯೋಗಿ ಕಾರ್ಮಿಕರಲ್ಲಿ ನಾಜಿಗಳಿಗಿಂತ ಎಡಪಕ್ಷಗಳ ಕಡೆಗೆ ಹೋದವರೇ ಹೆಚ್ಚು. ಕ್ಯಾಥೊಲಿಕ್ ಊರುಗಳಲ್ಲಿ ನಾಜಿ ಓಟು ಪ್ರಾಟೆಸ್ಟೆಂಟ್ ಊರುಗಳ ಅರ್ಧದಷ್ಟೂ ಇರಲಿಲ್ಲ. ಅದೇ ಬೆಲೆ ಕುಸಿತ, ಅದೇ ಚಳಿಗಾಲ. ತಮ್ಮದೆನ್ನುವ ಸಂಘ, ಗುಡಿ, ಪತ್ರಿಕೆ, ಪಕ್ಷ ಇದ್ದವರು ತಡೆದು ನಿಂತರು. ಯಾವ ಆಸರೆಯೂ ಇಲ್ಲದ ಮಧ್ಯದವರನ್ನು ಪ್ರವಾಹ ಎಳೆದುಕೊಂಡು ಹೋಯಿತು. ನಡುಪಂಥದ ಹಳೆಯ ಪಕ್ಷಗಳು ಕರಗಿ ಅವುಗಳ ಓಟೆಲ್ಲ ಒಂದೇ ಕಡೆಗೆ ಹರಿಯಿತು. ಹಸಿವು ಮನುಷ್ಯನನ್ನು ಬಾಗಿಲವರೆಗೆ ತಳ್ಳುತ್ತದೆ. ಯಾವ ಬಾಗಿಲು ಎಂಬುದನ್ನು ಅವನೇ ಆರಿಸಿಕೊಳ್ಳುತ್ತಾನೆ.

ಮತದಾರನೊಬ್ಬನ ತಲೆಗೇ ಎಲ್ಲವನ್ನೂ ಕಟ್ಟುವುದೂ ಅನ್ಯಾಯ. ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲೂ ಜರ್ಮನರು ಹಿಟ್ಲರನಿಗೆ ಬಹುಮತ ಕೊಡಲಿಲ್ಲ. ಓಟು ಇಳಿಯತೊಡಗಿದ ಹೊತ್ತಿನಲ್ಲೇ, 1933ರ ಜನವರಿ 30ರಂದು, ಅವನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದವರು ದೊಡ್ಡ ಮನೆತನದವರು. ಮಂತ್ರಿಮಂಡಲದಲ್ಲಿ ಅವನನ್ನೂ ಸೇರಿಸಿ ನಾಜಿಗಳು ಮೂವರೇ, ಲಗಾಮು ನಮ್ಮ ಕೈಯಲ್ಲಿರುತ್ತದೆ ಎಂದು ಮಾಜಿ ಚಾನ್ಸಲರ್ ಫಾನ್ ಪಾಪೆನ್ ಬೀಗಿದ. ಇತ್ತ ಎಡಪಕ್ಷಗಳೆರಡೂ ಒಂದನ್ನೊಂದು ಕಚ್ಚಾಡುತ್ತಿದ್ದವು. ಸೋಷಿಯಲ್ ಡೆಮಾಕ್ರಾಟರೇ ನಿಜವಾದ ವೈರಿಗಳೆಂದು ಕಮ್ಯುನಿಸ್ಟರು ಸಾರುತ್ತಿದ್ದರು. 1932ರ ನವೆಂಬರಿನಲ್ಲಿ ಇವರಿಬ್ಬರ ಓಟು ಕೂಡಿಸಿದರೆ ನಾಜಿಗಳಿಗಿಂತ ಹೆಚ್ಚಿತ್ತು. ಕೂಡಿಸುವವರು ಇರಲಿಲ್ಲ.

ಆಮೇಲಿನದಕ್ಕೆ ಆರು ತಿಂಗಳೂ ಬೇಕಾಗಲಿಲ್ಲ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಅದೇ 48ನೇ ವಿಧಿಯಡಿ ಮಾತಿನ, ಮುದ್ರಣದ, ಸಭೆಯ ಹಕ್ಕುಗಳೆಲ್ಲ ರದ್ದಾದವು. ಮಾರ್ಚ್ 22ಕ್ಕೆ ಡಾಖಾವ್‌ನಲ್ಲಿ ಸೆರೆಶಿಬಿರ ತೆರೆಯಿತು. ಮಾರ್ಚ್ 23ಕ್ಕೆ ಸಂಸತ್ತು ತನ್ನ ಅಧಿಕಾರವನ್ನೆಲ್ಲ ಹಿಟ್ಲರನ ಸರ್ಕಾರಕ್ಕೆ ಬರೆದುಕೊಟ್ಟಿತು: ಪರ 444, ವಿರುದ್ಧ 94. ಅಷ್ಟು ದಿನ ತಡೆದು ನಿಂತಿದ್ದ ಕ್ಯಾಥೊಲಿಕ್ ಪಕ್ಷವೂ ಅಂದು ಕೈ ಎತ್ತಿತು. ಜುಲೈ 14ಕ್ಕೆ ನಾಜಿ ಪಕ್ಷವೊಂದೇ ಕಾನೂನುಬದ್ಧ ಪಕ್ಷವಾಯಿತು. ಬೇರೆಯವರು ತೆರುತ್ತಾರೆಂದು ಬಗೆದಿದ್ದ ಬೆಲೆ ಹನ್ನೆರಡು ವರ್ಷದಲ್ಲಿ ಎಲ್ಲರ ಮನೆಗೂ ಬಂತು. ಯುರೋಪಿನ 60 ಲಕ್ಷ ಯಹೂದಿಗಳು ಕೊಲೆಯಾದರು. ಸುಮಾರು 50 ಲಕ್ಷ ಜರ್ಮನ್ ಸೈನಿಕರು ಸತ್ತರು. ಹೊಲ ಉಳಿಸಿಕೊಳ್ಳಲು ಓಟು ಹಾಕಿದ ರೈತನ ಮಗ ರಷ್ಯಾದ ಹಿಮದಲ್ಲಿ ಹೂತುಹೋದ.

ಇದೆಲ್ಲ ದೂರದ ದೇಶದ, ತೊಂಬತ್ತು ವರ್ಷ ಹಿಂದಿನ ಕಥೆ ಅನ್ನಿಸಬಹುದು. ಆದರೆ ಆ 48ನೇ ವಿಧಿಯ ನೆರಳು ನಮ್ಮ ಸಂವಿಧಾನದ ಮೇಲೂ ಬಿದ್ದಿತ್ತು. ಅದನ್ನು ಮೊದಲು ಗುರುತಿಸಿ ಕೂಗಿದವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಹರಿವಿಷ್ಣು ಕಾಮತ್. 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆ ತುರ್ತುಪರಿಸ್ಥಿತಿಯ ವಿಧಿಗಳನ್ನು ಚರ್ಚಿಸುತ್ತಿದ್ದಾಗ, ಇಂಥ ಅಧಿಕಾರಕ್ಕೆ ಹತ್ತಿರದ ಹೋಲಿಕೆ ಸಿಗುವುದು ಜರ್ಮನಿಯ ವೈಮಾರ್ ಸಂವಿಧಾನದಲ್ಲಿ, ಹಿಟ್ಲರ್ ಅದರ ಇಂಥ ವಿಧಿಗಳನ್ನೇ ಬಳಸಿ ಆ ಸಂವಿಧಾನವನ್ನು ಮುಗಿಸಿದ ಎಂದು ಅವರು ಎಚ್ಚರಿಸಿದರು. ಅದೇ ವರ್ಷ ನವೆಂಬರ್ 25ರಂದು ಅಂಬೇಡ್ಕರರು, ರಾಜಕೀಯದಲ್ಲಿ ಭಕ್ತಿ ಎಂಬುದು ಅಧೋಗತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಖಚಿತ ದಾರಿ ಎಂದರು. 1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರ ಸರ್ಕಾರ ತುರ್ತುಪರಿಸ್ಥಿತಿ ಹೇರಿದಾಗ ಕಾಮತರ ಭಯ ನಿಜವಾಯಿತು. ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಮಾರ್ಚ್‌ನಲ್ಲಿ ಚುನಾವಣೆ ಬಂತು. ಉತ್ತರ ಭಾರತದ ಬಡವರು ತುರ್ತುಪರಿಸ್ಥಿತಿಯನ್ನು ಓಟಿನಿಂದಲೇ ಕಿತ್ತೊಗೆದರು. ಕರ್ನಾಟಕದ 28 ಸ್ಥಾನಗಳಲ್ಲಿ 26 ಅದನ್ನು ಹೇರಿದ ಪಕ್ಷಕ್ಕೇ ಹೋದವು. ಇಂದಿರಾ ಗಾಂಧಿಯವರ ಆಳ್ವಿಕೆಯನ್ನು ನಾಜಿಗಳದಕ್ಕೆ ಹೋಲಿಸುವುದು ಸತ್ಯಕ್ಕೆ ದ್ರೋಹ. ಅವರು ಚುನಾವಣೆ ನಡೆಸಿದರು, ಸೋತರು, ಇಳಿದರು. ಅಂದು ನಮ್ಮಲ್ಲಿ ಓಟು ಹಾಕಿದವರನ್ನು ಹೀಯಾಳಿಸುವುದೂ ಸಲ್ಲದು. ದೇವರಾಜ ಅರಸರ ಕಾಲದಲ್ಲಿ ಗೇಣಿದಾರನ ಹೆಸರಿಗೆ ಭೂಮಿ ಬಂದಿತ್ತು, ಆ ಋಣ ಸಣ್ಣದಲ್ಲ. ಆದರೂ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಪಕ್ಕದ ಸೆರೆಮನೆಯ ಕೂಗು ನಮ್ಮ ಹೊಲದವರೆಗೆ ಕೇಳಿಸಿತ್ತೇ? ಕೇಳಿಸಿದ್ದರೆ, ನಮ್ಮ ಲೆಕ್ಕದಲ್ಲಿ ಅದಕ್ಕೆ ಎಷ್ಟು ಅಂಕ ಕೊಟ್ಟೆವು?

ಅದಕ್ಕೇ ಈ ಕರೆ.

ಪ್ರಜಾಪ್ರಭುತ್ವವನ್ನು ಪ್ರೀತಿಸುತ್ತೇವೆ ಎನ್ನುವ ರಾಜಕಾರಣಿಗಳೇ, ಜಪ್ತಿಯ ನೋಟಿಸು ಬಂದ ರೈತನ ಮನೆಗೆ ಚುನಾವಣೆ ಇಲ್ಲದ ವರ್ಷದಲ್ಲೂ ಹೋಗಿ. ನೀವು ಹೋಗದ ಮನೆಗೆ ಇನ್ನೊಬ್ಬ ಹೋಗಿಯೇ ಹೋಗುತ್ತಾನೆ, ಕೈಯಲ್ಲಿ ಹಗೆಯ ಚೀಟಿ ಹಿಡಿದು. ಸುಗ್ರೀವಾಜ್ಞೆಯಲ್ಲಿ ಆಳಬೇಡಿ. ಶಾಸನಸಭೆಯಲ್ಲಿ ಚರ್ಚಿಸದೆ ಕಾನೂನು ಮಾಡಬೇಡಿ. ಆ ಬಾಗಿಲಿಗೆ ತುಕ್ಕು ಹಿಡಿಸಿದವರು ನೀವೇ ಆದರೆ, ನಾಳೆ ಅದಕ್ಕೆ ಬೀಗ ಜಡಿಯುವವನನ್ನು ದೂರುವ ಹಕ್ಕು ನಿಮಗೆ ಉಳಿಯುವುದಿಲ್ಲ. ದೊಡ್ಡ ಅಪಾಯ ಎದುರಿಗಿದ್ದಾಗ ಸಣ್ಣ ಜಗಳಗಳನ್ನು ಬದಿಗಿಡಿ.

ಮೇಷ್ಟ್ರುಗಳೇ, ಪತ್ರಕರ್ತರೇ, ಮಠ–ಮಸೀದಿ–ಚರ್ಚುಗಳ ಹಿರಿಯರೇ, ಸಂಘ ಕಟ್ಟಿದವರೇ, ಜನರನ್ನು ಒಂಟಿಯಾಗಿ ಬಿಡಬೇಡಿ. ಜರ್ಮನಿಯಲ್ಲಿ ತಡೆದು ನಿಂತದ್ದು ಜೊತೆ ಇದ್ದವರು. ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಸಂಘ, ಊರಿನ ವಾಚನಾಲಯ, ಇವೆಲ್ಲ ಪ್ರಜಾಪ್ರಭುತ್ವದ ಬೇರುಗಳು. ಅಲ್ಲಿ ಎಲ್ಲ ಕೇರಿಯವರೂ ಒಟ್ಟಿಗೆ ಕೂತು ಮಾತಾಡುವ ಹಾಗೆ ಮಾಡಿ.

ಇನ್ನು ನಾವು, ಓಟು ಹಾಕುವವರು. ನಮ್ಮ ಸಿಟ್ಟು ನ್ಯಾಯವಾದದ್ದೇ ಇರಬಹುದು. ಬೆಲೆ ಏರಿದ್ದು, ಮಗನಿಗೆ ಕೆಲಸ ಸಿಗದಿದ್ದು, ಕಚೇರಿಯಲ್ಲಿ ಲಂಚ ಕೇಳಿದ್ದು ಎಲ್ಲ ನಿಜ. ಆ ಸಿಟ್ಟನ್ನು ಆಳುವವರ ಮೇಲೆ ತೋರಿಸೋಣ, ಕೇಳೋಣ, ಬೀದಿಗಿಳಿಯೋಣ, ಅವರನ್ನು ಸೋಲಿಸೋಣ. ಆದರೆ ನಿನ್ನ ಕಷ್ಟಕ್ಕೆಲ್ಲ ಅಗೋ ಅವರೇ ಕಾರಣ ಎಂದು ಯಾರಾದರೂ ಬೆರಳು ತೋರಿಸಿದಾಗ, ಆ ಬೆರಳಿನ ತುದಿಯಲ್ಲಿ ನಿಂತಿರುವವರು ಯಾರೆಂದು ನೋಡೋಣ. ನಮ್ಮ ಜೊತೆ ಶಾಲೆಗೆ ಹೋದವರು, ನಮ್ಮ ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು. ಪಕ್ಷದ ಎಲ್ಲ ಮಾತೂ ಹಿಡಿಸಿತು, ಆ ಒಂದು ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವುದು ಆಗದ ಮಾತು. ಓಟು ಇಡಿಯಾಗಿಯೇ ಬೀಳುತ್ತದೆ. ಅರ್ಧ ಹಾಕಿ ಅರ್ಧ ಮನೆಗೆ ತರುವ ಹಾಗಿಲ್ಲ.

1933ರ ಮಾರ್ಚ್ 23ರಂದು ಬರ್ಲಿನ್ನಿನ ಒಪೆರಾ ಭವನದಲ್ಲಿ, ಸುತ್ತಲೂ ಕಂದು ಅಂಗಿಯವರು ಸಾಲುಗಟ್ಟಿ ನಿಂತಿದ್ದಾಗ, ಸೋಷಿಯಲ್ ಡೆಮಾಕ್ರಾಟ್ ನಾಯಕ ಒಟ್ಟೊ ವೆಲ್ಸ್ ಎದ್ದು ಮಾತಾಡಿದರು. ನಮ್ಮ ಸ್ವಾತಂತ್ರ್ಯ ಕಸಿಯಬಹುದು, ಪ್ರಾಣ ಕಸಿಯಬಹುದು, ಮಾನ ಕಸಿಯಲಾರಿರಿ ಎಂಬುದು ಅವರ ಮಾತಿನ ಸಾರ. ಅವರನ್ನೂ ಸೇರಿಸಿ ವಿರುದ್ಧ ನಿಂತವರು 94 ಜನ. ಅಷ್ಟು ಹೊತ್ತಿಗೆ ತಡವಾಗಿತ್ತು. ನಮಗಿನ್ನೂ ಹೊತ್ತಿದೆ. ಮುಂದಿನ ಸಲ ಮತಗಟ್ಟೆಯ ಸಾಲಿನಲ್ಲಿ ನಿಂತಾಗ ನಿಮ್ಮ ಮುಂದೆ ನಿಂತವರನ್ನು, ಹಿಂದೆ ನಿಂತವರನ್ನು ಒಮ್ಮೆ ನೋಡಿ. ನನ್ನ ಈ ಓಟಿಗೆ ಇವರಲ್ಲಿ ಯಾರು ಬೆಲೆ ತೆರಬೇಕಾಗುತ್ತದೆ ಎಂದು ಕೇಳಿಕೊಳ್ಳಿ. ಯಾರ ಮುಖವಾದರೂ ಕಣ್ಣಿಗೆ ಬಂದರೆ, ಕೈ ತಡೆಯಿರಿ.